ಅರವಟ್ಟಿಗೆಯ ನಾಡಿನಲ್ಲಿ ಟ್ಯಾಂಕರಿನ ದರ್ಬಾರು

ಕನ್ನಡದಲ್ಲಿ ‘ಅರವಟ್ಟಿಗೆ’ ಎಂಬ ಹಳೆಯ ಪದವೊಂದಿದೆ. ದಾರಿಹೋಕರ ದಾಹ ತಣಿಸಲು ಬಿಸಿಲುಗಾಲದಲ್ಲಿ ನೀರು, ಮಜ್ಜಿಗೆ ಇಟ್ಟಿರುವ ಚಪ್ಪರಕ್ಕೆ ಈ ಹೆಸರು. ಮುಸ್ಲಿಮರ ಮೊಹಲ್ಲಾಗಳಲ್ಲಿ ಇದನ್ನೇ ‘ಸಬೀಲ್’ ಎನ್ನುತ್ತಾರೆ. ಎರಡೂ ಪದಗಳ ಹಿಂದೆ ಇರುವ ತಿಳಿವಳಿಕೆ ಒಂದೇ: ಬಾಯಾರಿ ಬಂದವನ ಹತ್ತಿರ ಲೆಕ್ಕ ಕೇಳಬಾರದು. ಇಂದು ನಮ್ಮ ಮಹಾನಗರಗಳ ಬಗ್ಗೆ ಮಾತಾಡುವಾಗ ಬಳಸುವ ಪದ ಬೇರೆ. ಅದು ‘ಮೂಲಸೌಕರ್ಯ’. ಬಜೆಟ್ ಭಾಷಣಗಳಲ್ಲಿ, ಹೂಡಿಕೆದಾರರ ಸಮಾವೇಶಗಳಲ್ಲಿ, ಪತ್ರಿಕೆಗಳ ಮುಖಪುಟದಲ್ಲಿ ಈ ಪದ ಕಾಣದ ದಿನವಿಲ್ಲ. ಆದರೆ ಅದರ ಅರ್ಥ ಮಾತ್ರ ಮೆಲ್ಲಗೆ ಜಾರಿಕೊಂಡಿದೆ. ‘ಮೂಲ’ ಎಂದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು. ಕುಡಿಯುವ ನೀರು, ಚರಂಡಿ, ಶೌಚಾಲಯ, ಕಸದ ವಿಲೇವಾರಿ, ಬಡವನು ಹತ್ತಬಲ್ಲ ಬಸ್ಸು. ಈಗ ಆ ಪದ ಕಿವಿಗೆ ಬಿದ್ದ ಕೂಡಲೇ ಕಣ್ಣ ಮುಂದೆ ಬರುವುದು ಮೇಲ್ಸೇತುವೆ, ಎಕ್ಸ್‌ಪ್ರೆಸ್ ಹೆದ್ದಾರಿ, ಸುರಂಗ ರಸ್ತೆ. ನೀರು ಮತ್ತು ಚರಂಡಿ ‘ನಾಗರಿಕ ಸಮಸ್ಯೆ’ಗಳಾಗಿ ಒಳಪುಟಕ್ಕೆ ಸರಿದಿವೆ.

ಒಂದು ಪದದ ಅರ್ಥ ಹೀಗೆ ಜಾರುವುದು ಸುಮ್ಮನೆ ಆಗುವುದಿಲ್ಲ. ನಗರವನ್ನು ಯಾರಿಗಾಗಿ ಕಟ್ಟುತ್ತಿದ್ದೇವೆ ಎಂಬ ತೀರ್ಮಾನ ಅದರೊಳಗೆ ಅಡಗಿರುತ್ತದೆ. ಬೆಂಗಳೂರಿನ ನೀರಿನ ಕತೆಯನ್ನು ಹಿಡಿದು ನೋಡಿದರೆ ಆ ತೀರ್ಮಾನ ಎಷ್ಟು ಹಳೆಯದು, ಇಂದು ಎಷ್ಟು ಗಟ್ಟಿಯಾಗಿದೆ ಎಂಬುದು ತಿಳಿಯುತ್ತದೆ.

ಬೆಂಗಳೂರು ನದೀತೀರದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರು ಬದುಕಿದ್ದು ಕೆರೆಗಳಿಂದ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ರಾಜಕಾಲುವೆಯ ಮೂಲಕ ನೀರು ಕೆಳಗಿನ ಕೆರೆಗೆ ಇಳಿಯುತ್ತಿತ್ತು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನವಿದೆ. ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣ ನಿಂತಿದೆ. ಬೆಂಗಳೂರು ಕರಗವು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಡುವುದನ್ನು ಸೌಹಾರ್ದದ ಸಂಕೇತವೆಂದು ನಾವು ಎಷ್ಟೋ ಸಲ ಬರೆದಿದ್ದೇವೆ, ಓದಿದ್ದೇವೆ. ಅದೇ ಕರಗದ ಆಚರಣೆಯಲ್ಲಿ ಸಂಪಂಗಿ ಕೆರೆಗೂ ಸ್ಥಾನವಿದೆ ಎಂಬುದನ್ನು ಅಷ್ಟಾಗಿ ಗಮನಿಸಿಲ್ಲ. ಕರಗವನ್ನು ನಡೆಸುವ ತಿಗಳ ಸಮುದಾಯದವರು ತೋಟಗಾರರು. ಕೆರೆಯ ನೀರಿನಿಂದ ಹೂವು, ತರಕಾರಿ ಬೆಳೆದು ಊರಿಗೆ ಕೊಟ್ಟವರು. ಕೆರೆ ಹೋದ ಮೇಲೂ ಅವರ ಆಚರಣೆಗಾಗಿ ಕ್ರೀಡಾಂಗಣದ ಪಕ್ಕದಲ್ಲಿ ಒಂದು ಪುಟ್ಟ ಹೊಂಡ ಉಳಿದುಕೊಂಡಿದೆ. ನಗರದ ನಕಾಶೆ ಮರೆತದ್ದನ್ನು ಜನರ ಹಬ್ಬ ನೆನಪಿಟ್ಟುಕೊಂಡಿದೆ.

ಹಾಗೆಂದು ಹಳೆಯ ಕಾಲವನ್ನು ಚಿನ್ನದ ಕಾಲವೆಂದು ಹೇಳುವುದು ಸುಳ್ಳಾಗುತ್ತದೆ. ಕೆರೆ ಬಾವಿಗಳ ನಾಡಿನಲ್ಲಿ ನೀರು ಎಲ್ಲರದಾಗಿರಲಿಲ್ಲ. ಬಾವಿಯ ಕಟ್ಟೆಗೆ ಜಾತಿಯ ಕಾವಲಿತ್ತು. ಅರವಟ್ಟಿಗೆಯಲ್ಲೂ ಕೆಲವರಿಗೆ ಲೋಟ, ಕೆಲವರಿಗೆ ಮೇಲಿಂದ ಬೊಗಸೆಗೆ ಸುರಿಯುವ ನೀರು. 1927ರಲ್ಲಿ ಡಾ. ಅಂಬೇಡ್ಕರ್ ಮಹಾಡ್‌ನ ಚೌದಾರ್ ಕೆರೆಯ ನೀರನ್ನು ಮುಟ್ಟಿದಾಗ ನಡೆದ ಗಲಭೆ, ದೌರ್ಜನ್ಯಗಳನ್ನು ನೆನೆದರೆ ಸಾಕು. ಪುರಸಭೆಯು ಆ ಕೆರೆಯನ್ನು ಎಲ್ಲರಿಗೂ ಮುಕ್ತ ಎಂದು ಅದಾಗಲೇ ನಿರ್ಣಯಿಸಿತ್ತು. ಆದರೂ ದಲಿತರು ನೀರು ಮುಟ್ಟಿದ್ದೇ ಅಪರಾಧವಾಯಿತು. ಸಾರ್ವಜನಿಕ ನೀರು ಎಂಬ ಕಲ್ಪನೆ ಈ ದೇಶದಲ್ಲಿ ಹೋರಾಟದಿಂದ ಬಂದದ್ದೇ ಹೊರತು ಪರಂಪರೆಯಿಂದ ಬಳುವಳಿಯಾಗಿ ಬಂದದ್ದಲ್ಲ.

ಆ ದೃಷ್ಟಿಯಿಂದ ನಗರದ ಬೀದಿ ನಲ್ಲಿಗೆ ಒಂದು ದೊಡ್ಡ ಸಾಮಾಜಿಕ ಅರ್ಥವಿತ್ತು. 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಬೆಂಗಳೂರಿಗೆ ಕೊಳವೆ ನೀರು ಬಂತು. 1933ರಲ್ಲಿ ಅರ್ಕಾವತಿ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ ಸಿದ್ಧವಾಯಿತು. ಕೊಳವೆಯ ನೀರಿಗೆ ಮೈಲಿಗೆಯ ಲೆಕ್ಕ ಹೇಳುವುದು ಕಷ್ಟ. ಬೀದಿ ನಲ್ಲಿಯ ಸಾಲಿನಲ್ಲಿ ಮೊದಲು ಬಂದವರ ಕೊಡ ಮೊದಲು. ಜಗಳವೂ ಇತ್ತು, ಬೈಗುಳವೂ ಇತ್ತು. ಆದರೆ ಆ ಜಗಳ ಸಮಾನರ ನಡುವಿನ ಜಗಳವಾಗಲು ಅಲ್ಲಿ ಅವಕಾಶವಿತ್ತು. ಬಾವಿಕಟ್ಟೆಯಲ್ಲಿ ಅಂಥ ಅವಕಾಶ ಇರಲಿಲ್ಲ.

ಆಗಲೂ ನಗರ ಇಬ್ಭಾಗವಾಗಿಯೇ ಇತ್ತು. ಒಂದೆಡೆ ಮೈಸೂರು ಸಂಸ್ಥಾನದ ಪೇಟೆ, ಇನ್ನೊಂದೆಡೆ ಬ್ರಿಟಿಷರ ದಂಡು. 1898ರಲ್ಲಿ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟು ಮತ್ತು ಕೊಳಕಿನ ಬಗ್ಗೆ ಆಡಳಿತ ಎಚ್ಚೆತ್ತಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಗಾಳಿ ಬೆಳಕು, ಚರಂಡಿ ಎಲ್ಲವೂ ಅಲ್ಲಿ ಬಂದವು. ಪೇಟೆಯ ಸಂದುಗೊಂದುಗಳಲ್ಲಿ ಉಳಿದವರು ಅಲ್ಲೇ ಉಳಿದರು. ರೋಗ ಬಂದಾಗ ಸ್ಥಿತಿವಂತರಿಗೆ ಹೊಸ ಬಡಾವಣೆ, ಬಡವರಿಗೆ ಶುಚಿತ್ವದ ಉಪದೇಶ ಎಂಬ ಕ್ರಮ ಅಂದೇ ಆರಂಭವಾಯಿತೆನ್ನಬೇಕು.

ಸ್ವಾತಂತ್ರ್ಯದ ನಂತರ ಉದ್ದಿಮೆಗಳು ಬಂದವು, ಜನಸಂಖ್ಯೆ ಏರಿತು. 1964ರಲ್ಲಿ ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರಕ್ಕೆ ಬಂತು. ಆಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೇ ಹಂತವನ್ನು 2024ರ ಅಕ್ಟೋಬರ್ 16ರಂದು ಉದ್ಘಾಟಿಸಲಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಪಂಪು ಮಾಡುತ್ತಾ ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಏರಿಸಿ ತರಲಾಗುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ಸಣ್ಣ ಸಾಧನೆಯಲ್ಲ. ಜಲಮಂಡಳಿಯ ಖರ್ಚಿನಲ್ಲಿ ಬಹು ದೊಡ್ಡ ಪಾಲು ವಿದ್ಯುತ್ತಿಗೇ ಹೋಗುತ್ತದೆ. ಇಷ್ಟು ಕಷ್ಟಪಟ್ಟು ತಂದ ನೀರು ನಗರದೊಳಗೆ ಬಂದ ಮೇಲೆ ಏನಾಗುತ್ತದೆ ಎಂಬಲ್ಲಿಂದ ವಿಮರ್ಶೆ ಆರಂಭವಾಗಬೇಕು.

ಅದಕ್ಕೆ ಮೊದಲು ಈ ಶತಮಾನದ ಹೊಸ್ತಿಲಲ್ಲಿ ನಗರದ ಕನಸು ಹೇಗೆ ಬದಲಾಯಿತೆಂಬುದನ್ನು ನೋಡಬೇಕು. ಬೆಂಗಳೂರನ್ನು ಸಿಂಗಪುರ ಮಾಡುತ್ತೇವೆ ಎಂಬ ಮಾತು ಎಸ್.ಎಂ. ಕೃಷ್ಣ ಅವರ ಆಡಳಿತದ ಕಾಲದಲ್ಲಿ ಮನೆಮಾತಾಯಿತು. 1999ರಲ್ಲಿ ನಂದನ್ ನಿಲೇಕಣಿ ಅವರ ನೇತೃತ್ವದಲ್ಲಿ ‘ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್’ ರಚನೆಯಾಯಿತು. ಉದ್ಯಮಿಗಳು, ವೃತ್ತಿಪರರು ಸರಕಾರದ ಜೊತೆ ಕುಳಿತು ನಗರದ ಸೇವೆಗಳನ್ನು ಸುಧಾರಿಸಬೇಕೆಂಬುದು ಉದ್ದೇಶ. ಅದರಿಂದ ಕೆಲವು ಒಳ್ಳೆಯ ಕೆಲಸಗಳೂ ಆದವು; ಲೆಕ್ಕಪತ್ರಗಳಲ್ಲಿ ಶಿಸ್ತು, ಸೇವೆಗಳ ಬಗ್ಗೆ ಬಹಿರಂಗ ಚರ್ಚೆ ಬಂದವು. ಆದರೆ ಚುನಾಯಿತ ಪಾಲಿಕೆಯೊಂದು ಇರುವಾಗ ನಗರದ ಆದ್ಯತೆಗಳನ್ನು ನೇಮಕಗೊಂಡ ತಜ್ಞರು ಸೂಚಿಸುವ ಪದ್ಧತಿ ಆಗಲೇ ಬೇರೂರಿತು. ನಾಗರಿಕ ಎಂದರೆ ತೆರಿಗೆ ಕಟ್ಟುವ, ಇಂಗ್ಲಿಷ್ ಬಲ್ಲ, ದೂರು ಬರೆಯಬಲ್ಲ ವ್ಯಕ್ತಿ ಎಂಬ ಚಿತ್ರ ಗಟ್ಟಿಯಾಯಿತು.

ಸಿಂಗಪುರದ ಮಾದರಿಯನ್ನಾದರೂ ನಾವು ಪೂರ್ತಿ ನೋಡಿದೆವೇ? ಅಲ್ಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ನಿವಾಸಿಗಳು ಸರಕಾರಿ ವಸತಿ ಮಂಡಳಿ ಕಟ್ಟಿಸಿದ ಮನೆಗಳಲ್ಲಿದ್ದಾರೆ. ಅಲ್ಲಿ ನೀರು, ಒಳಚರಂಡಿ, ಮಳೆನೀರು ಈ ಮೂರನ್ನೂ ಒಂದೇ ಸಾರ್ವಜನಿಕ ಸಂಸ್ಥೆ ನೋಡಿಕೊಳ್ಳುತ್ತದೆ. 2003ರಿಂದ ಅವರು ಬಳಸಿದ ನೀರನ್ನು ಶುದ್ಧೀಕರಿಸಿ ಮತ್ತೆ ಬಳಸುತ್ತಿದ್ದಾರೆ. ಅಲ್ಲಿನ ರಾಜಕೀಯದ ಉಸಿರುಗಟ್ಟಿಸುವ ಶಿಸ್ತನ್ನು ಒಪ್ಪಬೇಕಾಗಿಲ್ಲ. ಆದರೆ ಸಿಂಗಪುರದಿಂದ ನಮ್ಮವರು ತಂದದ್ದು ಗಾಜಿನ ಕಟ್ಟಡಗಳ ಚಿತ್ರವನ್ನು. ಸರಕಾರಿ ವಸತಿ ಮತ್ತು ಸರಕಾರಿ ನಲ್ಲಿಯನ್ನು ಅಲ್ಲೇ ಬಿಟ್ಟು ಬಂದರು.

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಹಳ್ಳಿಗಳು ಒಂದೇ ಆದೇಶದಲ್ಲಿ ನಗರವಾದವು. ಅವುಗಳ ಹೊಲಗಳಲ್ಲಿ ಬಡಾವಣೆ, ಅಪಾರ್ಟ್‌ಮೆಂಟು, ಸಾಫ್ಟ್‌ವೇರ್ ಪಾರ್ಕುಗಳು ಎದ್ದವು. ಆಸ್ತಿ ತೆರಿಗೆ ನಗರದ ದರಕ್ಕೆ ಬಂತು. ಕಾವೇರಿ ನೀರು ಮಾತ್ರ ಬರಲಿಲ್ಲ. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಐದನೇ ಹಂತ ಉದ್ಘಾಟನೆಯಾಗುವಾಗ 17 ವರ್ಷಗಳಾಗಿದ್ದವು. 2007ರಲ್ಲಿ ಹುಟ್ಟಿದ ಮಗು ಪಿಯುಸಿಗೆ ಬರುವವರೆಗೆ ಅದರ ಮನೆಯವರು ಕೊಳವೆಬಾವಿ ಮತ್ತು ಟ್ಯಾಂಕರನ್ನು ನಂಬಿ ಬದುಕಿದರು. ಇದಕ್ಕೂ ಮೊದಲು ಹೊರವಲಯದ ನಗರಸಭೆಗಳ ಜನರಿಂದ ನೀರಿನ ಯೋಜನೆಗೆಂದು ಮುಂಗಡವಾಗಿ ವಂತಿಗೆ ಸಂಗ್ರಹಿಸಿದ್ದೂ ಉಂಟು. ಹಣ ಕಟ್ಟಿದವರು ನಲ್ಲಿಯಲ್ಲಿ ನೀರು ನೋಡಲು ವರ್ಷಗಟ್ಟಲೆ ಕಾದರು.

ಈ ಕಾಯುವಿಕೆಯ ನಡುವೆ ಬೆಳೆದದ್ದು ಟ್ಯಾಂಕರಿನ ಸಾಮ್ರಾಜ್ಯ. ಟ್ಯಾಂಕರನ್ನು ನಾವು ಸಾಮಾನ್ಯವಾಗಿ ‘ಮಾಫಿಯಾ’ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಮಾಫಿಯಾ ಎಂದರೆ ಕಾನೂನಿನ ಹೊರಗೆ ಇರುವುದು ಎಂದರ್ಥ. ಆದರೆ ಟ್ಯಾಂಕರು ಇರುವುದು ಆಡಳಿತ ಖಾಲಿ ಬಿಟ್ಟ ಜಾಗದಲ್ಲಿ, ಆಡಳಿತದ ಕಣ್ಣೆದುರಿನಲ್ಲೇ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 2014ರಿಂದ 2025ರ ಏಪ್ರಿಲ್‌ವರೆಗೆ ಮನೆಬಳಕೆಯ ಮೊದಲ 8,000 ಲೀಟರಿಗೆ ಜಲಮಂಡಳಿಯ ದರ ಸಾವಿರ ಲೀಟರಿಗೆ 7 ರೂಪಾಯಿ ಇತ್ತು. 2024ರ ಮಾರ್ಚ್ ಹೊತ್ತಿಗೆ ನೀರಿನ ಹಾಹಾಕಾರ ಎದ್ದಾಗ ಜಿಲ್ಲಾಡಳಿತ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಸರಕಾರವೇ ನ್ಯಾಯಬೆಲೆ ಎಂದು ಒಪ್ಪಿದ ದರವು ನಲ್ಲಿ ನೀರಿನ ದರದ 14 ಪಟ್ಟು! ಟ್ಯಾಂಕರು ಹೋಗಲಾರದ ಸಂದಿಯಲ್ಲಿ, ಸಂಪು ಇಲ್ಲದ ಒಂಟಿ ಕೋಣೆಯಲ್ಲಿ ಇರುವವರು ಕ್ಯಾನಿನಲ್ಲಿ ನೀರು ಕೊಳ್ಳುತ್ತಾರೆ. 20 ಲೀಟರಿಗೆ ಬರೀ 5 ರೂಪಾಯಿ ಎಂದಿಟ್ಟುಕೊಂಡರೂ ಸಾವಿರ ಲೀಟರಿಗೆ 250 ರೂಪಾಯಿ ಆಯಿತು. ಹೀಗೆ ಬಡತನ ಹೆಚ್ಚಿದಂತೆ ನೀರಿನ ಬೆಲೆಯೂ ಹೆಚ್ಚುತ್ತದೆ.

ಇಲ್ಲಿ ಒಂದು ವಾದವನ್ನು ಎದುರಿಸಬೇಕು. ‘ನೀರಿನ ದರ ತೀರ ಕಡಿಮೆ, ಅದಕ್ಕೇ ಮಂಡಳಿ ನಷ್ಟದಲ್ಲಿದೆ, ಅದಕ್ಕೇ ಕೊಳವೆ ವಿಸ್ತರಿಸಲು ಆಗುವುದಿಲ್ಲ’ ಎಂದು ಒಂದು ವರ್ಗದ ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಅದಕ್ಕೆ ಉತ್ತರವಾಗಿ ಪ್ರಗತಿಪರರು ‘ದರ ಏರಿಸಿದರೆ ಬಡವರಿಗೆ ಹೊರೆ’ ಎನ್ನುತ್ತಾರೆ. ಎರಡೂ ಅರ್ಧ ಸತ್ಯಗಳು. ಅಗ್ಗದ ನೀರಿನ ಸಬ್ಸಿಡಿ ಕೊಳವೆಯೊಳಗೆ ಹರಿಯುತ್ತದೆ. ಕೊಳವೆ ಇರುವವರ ಮನೆಗೆ ಮಾತ್ರ ತಲುಪುತ್ತದೆ. ಹಳೆಯ ಬಡಾವಣೆಯ ಬಂಗಲೆಗೂ ಅದರ ಮೊದಲ ಪಾಲು ಸಿಗುತ್ತದೆ. ಕೊಳವೆ ಇಲ್ಲದ ಕೂಲಿಯವನ ಮನೆಗೆ ಸಬ್ಸಿಡಿ ಎಂಬುದೇ ಇಲ್ಲ. ಆದ್ದರಿಂದ ಬಡವರ ಪರ ಇರುವವರು ಮೊದಲು ಕೇಳಬೇಕಾದ್ದು ಸಂಪರ್ಕವನ್ನು. ಎಲ್ಲರಿಗೂ ನಲ್ಲಿ ಸಿಕ್ಕ ಮೇಲೆ ಹೆಚ್ಚು ಬಳಸುವವರಿಂದ ಹೆಚ್ಚು ವಸೂಲು ಮಾಡುವುದು ಅನ್ಯಾಯವಲ್ಲ. ಕೊಳವೆ ಹಾಕಿದ ಮೇಲೂ ಬಡವರ ಪಾಲಿಗೆ ಸಂಪರ್ಕ ಶುಲ್ಕ, ದಾಖಲೆಗಳ ಗೋಡೆ ಇದ್ದೇ ಇರುತ್ತದೆ. ಐದನೇ ಹಂತದ ನೀರು ಬಂದ ಬಳಿಕ ಶುಲ್ಕವನ್ನು ಕಂತಿನಲ್ಲಿ ಕಟ್ಟಲು ಮಂಡಳಿ ಅವಕಾಶ ಕೊಡಬೇಕಾಗಿ ಬಂದದ್ದು ಈ ಕಾರಣದಿಂದಲೇ.

ಈ ಗೋಡೆಯನ್ನು ಒಡೆಯಲು ಸಾಧ್ಯವಿಲ್ಲವೆಂದೇನೂ ಇಲ್ಲ. 2000ದ ಆಸುಪಾಸಿನಲ್ಲಿ ಆಸ್ಟ್ರೇಲಿಯಾ ಸರಕಾರದ ನೆರವಿನಿಂದ ಬೆಂಗಳೂರಿನ ಕೆಲವು ಕೊಳೆಗೇರಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಾಗದ ಹಕ್ಕುಪತ್ರ ಇಲ್ಲದಿದ್ದರೂ ಅಲ್ಲಿ ವಾಸವಿರುವ ದಾಖಲೆ ತೋರಿಸಿದವರಿಗೆ ಜಲಮಂಡಳಿ ಸಂಪರ್ಕ ಕೊಟ್ಟಿತು. ಜಾಗದ ವ್ಯಾಜ್ಯ ಬೇರೆ, ಬಾಯಾರಿಕೆ ಬೇರೆ ಎಂದು ಸರಕಾರಿ ಸಂಸ್ಥೆಯೊಂದು ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ. ಮೇಲ್ಸೇತುವೆಗಳ ಚಿತ್ರಗಳಿಗೆ ಸಿಕ್ಕ ಪ್ರಚಾರದಲ್ಲಿ ನೂರನೇ ಒಂದು ಪಾಲೂ ಇದಕ್ಕೆ ಸಿಗಲಿಲ್ಲ. ನಗರದ ಸಾಧನೆ ಎಂದು ನಾವು ಯಾವುದನ್ನು ಎಣಿಸುತ್ತೇವೆ ಎಂಬುದು ಇದರಿಂದ ತಿಳಿಯುತ್ತದೆ.

2024ರ ಬೇಸಿಗೆಯ ಚರ್ಚೆಗಳನ್ನು ಈಗ ಮತ್ತೆ ಓದಿದರೆ ಅಚ್ಚರಿಯಾಗುತ್ತದೆ. ಸರಕಾರ ಕೊಟ್ಟ ಲೆಕ್ಕದಂತೆಯೇ ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ ಸುಮಾರು 6,900 ಬತ್ತಿದ್ದವು. ಕಾರು ತೊಳೆಯಲು, ಗಿಡಗಳಿಗೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಮಂಡಳಿ ಸಾರಿತು. ಮಾಧ್ಯಮಗಳು ಎತ್ತರದ ಅಪಾರ್ಟ್‌ಮೆಂಟುಗಳ ಮುಂದೆ ಕ್ಯಾಮರಾ ಹಿಡಿದು ನಿಂತವು. ಐಟಿ ನೌಕರರು ಮನೆಯಿಂದ ಕೆಲಸ ಮಾಡಬೇಕೇ, ಊರು ಬಿಡಬೇಕೇ ಎಂಬುದು ದೇಶದ ಸುದ್ದಿಯಾಯಿತು. ಅವರ ಕಷ್ಟ ಸುಳ್ಳಲ್ಲ. ಆದರೆ ಆ ಅಪಾರ್ಟ್‌ಮೆಂಟಿನಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳು ಬೆಳಗಿನ ಜಾವ ತನ್ನ ಮನೆಗೆ ನೀರು ಹಿಡಿದಿಟ್ಟು ಬರಬೇಕಾದ ಕಷ್ಟ ಅಂದು ಹುಟ್ಟಿದ್ದಲ್ಲ. ಅವಳಿಗೆ ಪ್ರತಿ ವರ್ಷವೂ 2024. ಉಳ್ಳವರ ಸಂಪಿಗೆ ನೀರು ಬಾರದೆ ಹೋದಾಗ ಅದು ‘ಬಿಕ್ಕಟ್ಟು’. ಇಲ್ಲದವರ ಕೊಡಕ್ಕೆ ಬಾರದಿದ್ದರೆ ಅದು ‘ಅಭ್ಯಾಸ’.

ಹಳ್ಳಿಗಳಲ್ಲಿ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಬಿಡುವವನನ್ನು ನೀರ್ಗಂಟಿ ಎನ್ನುತ್ತಿದ್ದರು. ಅವನು ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಟ್ಟ ಎಂಬುದು ಊರಿಗೇ ಕಾಣುತ್ತಿತ್ತು. ತಕರಾರಿದ್ದರೆ ಕಟ್ಟೆಯ ಮೇಲೆ ಕೇಳಬಹುದಿತ್ತು. ಇಂದಿನ ನಗರದಲ್ಲಿ ವಾಲ್ವು ತಿರುಗಿಸುವವನು ಇದ್ದಾನೆ. ಯಾವ ರಸ್ತೆಗೆ ಎಷ್ಟು ಹೊತ್ತು, ಎಷ್ಟು ಒತ್ತಡದಲ್ಲಿ ನೀರು ಹೋಯಿತು ಎಂಬುದು ನಾಗರಿಕರಿಗೆ ಗೊತ್ತಾಗುವುದಿಲ್ಲ. ತಂದ ನೀರಿನಲ್ಲಿ ಸುಮಾರು ಮೂರನೇ ಒಂದು ಪಾಲು ಸೋರಿಕೆ, ಕಳವುಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುವ ಸ್ಥಿತಿ ಬಹುಕಾಲ ಇತ್ತು. ಕಾವೇರಿಗಾಗಿ 1991ರಲ್ಲಿ, 2016ರಲ್ಲಿ ಈ ನಗರದಲ್ಲಿ ಬೆಂಕಿ ಬಿತ್ತು. 1991ರಲ್ಲಿ ಬಡ ತಮಿಳು ಕೂಲಿಕಾರರ ಗುಡಿಸಲುಗಳು ಸುಟ್ಟವು. 2016ರಲ್ಲಿ ಬಸ್ಸು, ಲಾರಿಗಳು ಉರಿದವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಟಿಎಂಸಿಯನ್ನು ಬೆಂಗಳೂರಿನ ಕುಡಿಯುವ ನೀರಿಗೆಂದೇ ಗುರುತಿಸಿತು. ರಾಜ್ಯದ ಗಡಿಯಾಚೆಗೆ ಹೋಗುವ ನೀರಿನ ಹನಿಹನಿಗೂ ಲೆಕ್ಕ ಕೇಳುವ ನಾವು ನಮ್ಮ ವಾರ್ಡಿನ ಗಡಿಯೊಳಗೆ ಹಂಚಿಕೆಯಾದ ನೀರಿನ ಲೆಕ್ಕವನ್ನು ಎಂದಾದರೂ ಕೇಳಿದ್ದೇವೆಯೇ? ಭಾಷೆಯ ಹೆಸರಿನಲ್ಲಿ ಬೀದಿಗಿಳಿದವರಿಗೆ ಕನ್ನಡ ಮಾತಾಡುವ ಕೊಳೆಗೇರಿಯ ಖಾಲಿ ಕೊಡ ಯಾಕೆ ಕಾಣಲಿಲ್ಲ?

ನೀರಿನ ಕತೆ ನಲ್ಲಿಯಲ್ಲಿ ಮುಗಿಯುವುದಿಲ್ಲ, ಚರಂಡಿಯಲ್ಲಿ ಮುಂದುವರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಸನ್ನಿಧಿಯಲ್ಲಿ ಹುಟ್ಟುವುದೆಂದು ಹೇಳುವ ವೃಷಭಾವತಿ ಕೊಳಚೆಯ ಹೊಳೆಯಾಗಿ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ನಗರಕ್ಕೆ ನೀರುಣಿಸಿದ ತಿಪ್ಪಗೊಂಡನಹಳ್ಳಿ ಜಲಾಶಯ ನಗರದ ಬೆಳವಣಿಗೆಯಿಂದಲೇ ಕೆಟ್ಟು, 2010ರ ದಶಕದ ಆರಂಭದಲ್ಲಿ ಕುಡಿಯುವ ನೀರಿನ ಪೂರೈಕೆ ನಿಲ್ಲಿಸಬೇಕಾಯಿತು. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಂಕಿ ಹೊತ್ತಿಕೊಂಡಿತು. ನೀರಿಗೆ ಬೆಂಕಿ ಬೀಳುವುದನ್ನು ನಾವು ಕಣ್ಣಾರೆ ಕಂಡೆವು. ನಗರದ ಕಸವನ್ನು ಹೊತ್ತ ಮಾವಳ್ಳಿಪುರ, ಮಂಡೂರು ಗ್ರಾಮಗಳ ಜನ ರಸ್ತೆಗೆ ಅಡ್ಡ ಕುಳಿತ ಮೇಲಷ್ಟೇ ಕಸದ ಲಾರಿಗಳು ನಿಂತವು. ಹಾಗೆ ನಿಂತದ್ದು ಮತ್ತೊಂದು ಹಳ್ಳಿಯ ಕಡೆಗೆ ತಿರುಗುವುದಕ್ಕಾಗಿ.

‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ ಕನ್ನಡಿಗರೆಲ್ಲರಿಗೂ ಗೊತ್ತು. ಕೆರೆಯಲ್ಲಿ ನೀರು ಬರಲೆಂದು ಗೌಡರ ಮನೆಯ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕತೆ ಅದು. ಅದನ್ನು ತ್ಯಾಗದ ಕತೆಯೆಂದು ಶಾಲೆಯಲ್ಲಿ ಕಲಿತವರು ಬಹಳ. ಬಲಿಗೆ ಆರಿಸಿಕೊಂಡದ್ದು ಮನೆಯಲ್ಲಿ ಮಾತೆತ್ತಲಾರದವಳನ್ನು ಎಂಬುದನ್ನು ನಂತರದ ವಿಮರ್ಶೆ ತೋರಿಸಿಕೊಟ್ಟಿತು. ಮಹಾನಗರದ ನೀರಿಗೂ ಹಾರಗಳಿವೆ. ಒಳಚರಂಡಿಯ ಗುಂಡಿಗೆ, ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣದ ತೊಟ್ಟಿಗೆ ಇಳಿದು ವಿಷಾನಿಲಕ್ಕೆ ಉಸಿರುಗಟ್ಟಿ ಸತ್ತವರು ಯಾವ ಕೇರಿಯಿಂದ ಬಂದವರೆಂದು ಎಲ್ಲರಿಗೂ ಗೊತ್ತಿದೆ. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1993ರಲ್ಲಿ, 2013ರಲ್ಲಿ ದೇಶಕ್ಕೇ ಕಾಯಿದೆಗಳು ಬಂದವು. 2014ರಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಈ ಕೆಲಸ ಪೂರ್ತಿ ನಿಲ್ಲಬೇಕೆಂದು ಆದೇಶಿಸಿತು. ಕಾಯಿದೆ ಬಂದು ಮೂರು ದಶಕಗಳಾದ ಮೇಲೂ ನ್ಯಾಯಾಲಯ ಅದನ್ನೇ ಮತ್ತೆ ಹೇಳಬೇಕಾಯಿತೆಂದರೆ ಏನರ್ಥ? ಪರಿಹಾರದ ಮೊತ್ತ ಏರಿದ ವೇಗದಲ್ಲಿ ಯಂತ್ರಗಳು ಬರಲಿಲ್ಲ ಎಂದರ್ಥ. ಈ ಕತ್ತಲಿನಲ್ಲಿ ಒಂದು ಬೆಳಕಿನ ಸಂಗತಿಯನ್ನೂ ಹೇಳಬೇಕು. ವರ್ಷಗಟ್ಟಲೆ ಗುತ್ತಿಗೆಯಲ್ಲಿ ದುಡಿದ ಪೌರಕಾರ್ಮಿಕರು 2022ರಲ್ಲಿ ಮುಷ್ಕರ ಹೂಡಿದರು. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಇದು ಯಾರೋ ದಯಪಾಲಿಸಿದ ಕೊಡುಗೆಯಲ್ಲ. ಅವರು ಪೊರಕೆ ಕೆಳಗಿಟ್ಟು ಗಳಿಸಿದ್ದು.

ಸೌಲಭ್ಯಗಳು ಯಾವ ಕೇರಿಯ ಅಂಚಿನಲ್ಲಿ ನಿಂತುಬಿಡುತ್ತವೆ ಎಂಬುದೂ ಕೇಳಲೇಬೇಕಾದ ಪ್ರಶ್ನೆ. 2006ರ ಸಾಚಾರ್ ಸಮಿತಿಯ ವರದಿ ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂಲಸೌಕರ್ಯಗಳ ಕೊರತೆಯನ್ನು ದಾಖಲಿಸಿತು. 2023ರಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ದೇಶದ ಊರು, ನಗರಗಳ ನೆರೆಹೊರೆಗಳನ್ನು ಅಧ್ಯಯನ ಮಾಡಿ, ಮುಸ್ಲಿಮರು ಅಥವಾ ಪರಿಶಿಷ್ಟ ಜಾತಿಯವರು ಹೆಚ್ಚಾಗಿ ವಾಸಿಸುವ ಕಡೆ ಸರಕಾರಿ ಸೇವೆಗಳು ಕಡಿಮೆ ಇರುವುದನ್ನು ತೋರಿಸಿತು. ಇದನ್ನು ಒಂದು ಸಮುದಾಯದ ಅಳಲೆಂದು ಮಾತ್ರ ಓದಬಾರದು. ದಲಿತ ಕೇರಿ ಮತ್ತು ಮುಸ್ಲಿಮ್ ಮೊಹಲ್ಲಾ ಅಕ್ಕಪಕ್ಕದಲ್ಲಿರುವ ಎಷ್ಟೋ ಕಡೆ ಇಬ್ಬರ ಮನೆ ಮುಂದೆ ಹರಿಯುವುದು ಒಂದೇ ಚರಂಡಿ. ನಮ್ಮ ಸಮುದಾಯದ ಮುಖಂಡರೂ ಈ ವಿಷಯದಲ್ಲಿ ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಭಾವನಾತ್ಮಕ ವಿಷಯಗಳಿಗೆ ಸೇರಿಸುವ ಜನರಲ್ಲಿ ಹತ್ತನೇ ಒಂದು ಪಾಲನ್ನಾದರೂ ವಾರ್ಡ್ ಸಮಿತಿಯ ಸಭೆಗೆ ಕರೆದೊಯ್ದಿದ್ದಾರೆಯೇ? ಚುನಾವಣೆಯ ಹೊತ್ತಿಗೆ ಉಚಿತ ಟ್ಯಾಂಕರು ಕಳಿಸುವವನು ಉಪಕಾರಿಯಂತೆ ಕಾಣುತ್ತಾನೆ. ಐದು ವರ್ಷ ಕೊಳವೆ ಹಾಕಿಸದೆ ಇದ್ದವನೂ ಅವನೇ ಎಂಬುದು ಮರೆತುಹೋಗುತ್ತದೆ. ಸಬೀಲ್ ಪುಣ್ಯದ ಕೆಲಸ, ನಿಜ. ಆದರೆ ಸರಕಾರ ಕೊಡಬೇಕಾದ ನೀರನ್ನು ರಾಜಕಾರಣಿಯ ದಾನವಾಗಿ ಪಡೆಯುವುದು ನಾಗರಿಕನಿಗೆ ಗೌರವ ತರುವಂಥದ್ದಲ್ಲ.

ಕೇಳುವುದಾದರೂ ಯಾರನ್ನು? ಇದೇ ಎಲ್ಲಕ್ಕಿಂತ ದೊಡ್ಡ ತೊಡಕು. 1992ರಲ್ಲಿ ಅಂಗೀಕಾರವಾದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತವನ್ನು ಚುನಾಯಿತರ ಕೈಗೆ ಕೊಡಬೇಕೆಂದಿತು. ನೀರು ಪೂರೈಕೆ, ಕೊಳೆಗೇರಿ ಸುಧಾರಣೆಗಳೂ ಸೇರಿ 18 ವಿಷಯಗಳನ್ನು ಪಟ್ಟಿ ಮಾಡಿತು. ಬೆಂಗಳೂರಿನಲ್ಲಿ ನೀರು ಒಂದು ಮಂಡಳಿಗೆ, ನಿವೇಶನ ಒಂದು ಪ್ರಾಧಿಕಾರಕ್ಕೆ, ಮೆಟ್ರೋ ಒಂದು ನಿಗಮಕ್ಕೆ, ಬಸ್ಸು ಇನ್ನೊಂದು ನಿಗಮಕ್ಕೆ ಹಂಚಿಹೋಗಿವೆ. ಇವು ಯಾವುವೂ ನಗರದ ಮತದಾರನಿಗೆ ನೇರವಾಗಿ ಉತ್ತರ ಹೇಳುವಂಥವಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2024ರ ಬೇಸಿಗೆಯ ಸಂಕಟದಲ್ಲಿ ನಗರಕ್ಕೆ ಒಬ್ಬ ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಪಾಲಿಕೆಗಳು ಒಂದಿರಲಿ ಐದಿರಲಿ, ನೀರಿನ ಬಗ್ಗೆ ತೀರ್ಮಾನಿಸುವ ಅಧಿಕಾರ ಅವುಗಳಿಗೆ ಇಲ್ಲದಿದ್ದರೆ ಕೊಡ ಹಿಡಿದು ನಿಂತವರ ಪಾಲಿಗೆ ಬದಲಾಗುವುದು ಕಚೇರಿಯ ಬೋರ್ಡು ಮಾತ್ರ.

ಹಣವಿಲ್ಲ ಎಂಬ ಮಾತನ್ನೂ ಪರೀಕ್ಷಿಸಬೇಕು. ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಐದನೇ ಹಂತಕ್ಕೆ ತಗುಲಿದ ವೆಚ್ಚ ಸುಮಾರು 4,336 ಕೋಟಿ ರೂಪಾಯಿ. ಅದನ್ನೂ ಜಪಾನಿನ ಸಾಲ ತಂದು ಮಾಡಲಾಯಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 17 ಕಿಲೋಮೀಟರಿಗೂ ಕಡಿಮೆ ಉದ್ದದ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆದಾಗ ಅಂದಾಜು 17 ಸಾವಿರ ಕೋಟಿಯನ್ನು ದಾಟಿತ್ತು. ಲಕ್ಷಾಂತರ ಜನರ ನೀರಿನ ನಾಲ್ಕು ಪಟ್ಟು ಹಣ, ಶುಲ್ಕ ಕೊಟ್ಟು ಕಾರಿನಲ್ಲಿ ಹೋಗುವವರ ಅವಸರಕ್ಕೆ! ಸಂಚಾರ ದಟ್ಟಣೆ ನಿಜವಾದ ಸಮಸ್ಯೆಯೇ. ಅದಕ್ಕೆ ಬಸ್ಸು ಮತ್ತು ರೈಲು ಮದ್ದು ಎಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಕೊರತೆ ಇರುವುದು ಹಣದಲ್ಲಲ್ಲ, ಯಾವುದು ಮೊದಲು ಎಂಬ ವಿವೇಕದಲ್ಲಿ.

ಏನು ಮಾಡಬಹುದು? ದೊಡ್ಡ ಮಾತುಗಳು ಬೇಕಾಗಿಲ್ಲ. ಪ್ರತಿ ವಾರ್ಡಿಗೆ ತಿಂಗಳಿಗೆ ಎಷ್ಟು ನೀರು ಬಿಡಲಾಯಿತು, ತಲಾ ಎಷ್ಟು ಸಿಕ್ಕಿತು ಎಂಬುದನ್ನು ವಾರ್ಡ್ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಲಿ. ನೀರಿನ ಸಂಪರ್ಕಕ್ಕೂ ಜಾಗದ ಒಡೆತನಕ್ಕೂ ಇರುವ ಗಂಟನ್ನು ಎಲ್ಲ ಕಡೆ ಬಿಚ್ಚಲಿ. ಕೊಳವೆ ತಲುಪುವವರೆಗೆ ಟ್ಯಾಂಕರಿನ ನೀರನ್ನು ನಲ್ಲಿಯ ದರದಲ್ಲೇ ಮಂಡಳಿ ಕೊಡಲಿ. ಆಗ ಕೊಳವೆ ಹಾಕಲು ಅದಕ್ಕೇ ಅವಸರ ಹುಟ್ಟುತ್ತದೆ. ಮ್ಯಾನ್‌ಹೋಲಿಗೆ ಮನುಷ್ಯನನ್ನು ಇಳಿಸಿದ ಗುತ್ತಿಗೆದಾರನ ಜೊತೆಗೆ ಇಳಿಸಲು ಬಿಟ್ಟ ಅಧಿಕಾರಿಯ ಮೇಲೂ ಮೊಕದ್ದಮೆ ಆಗಲಿ. ಬಸ್ ನಿಲ್ದಾಣ, ಮಾರುಕಟ್ಟೆ, ಆಸ್ಪತ್ರೆಗಳ ಮುಂದೆ ಬೀದಿ ನಲ್ಲಿಗಳು ಮತ್ತೆ ಬರಲಿ. ಇವಕ್ಕೆ ಸುರಂಗ ಕೊರೆಯುವ ಯಂತ್ರಗಳು ಬೇಡ. ವಾರ್ಡ್ ಸಭೆಗೆ ಹೋಗಿ ಕೂರುವ, ಲೆಕ್ಕ ಕೇಳುವ, ಪಕ್ಕದ ಕೇರಿಯವರನ್ನೂ ಜೊತೆಗೆ ಕರೆದುಕೊಂಡು ಹೋಗುವ ಜನ ಬೇಕು.

ನಗರವೊಂದು ನಾಗರಿಕವೋ ಅಲ್ಲವೋ ಎಂದು ಅಳೆಯಲು ಅದರ ಗಾಜಿನ ಗೋಪುರಗಳನ್ನು ಎಣಿಸಬೇಕಾಗಿಲ್ಲ. ಅದರ ಕಟ್ಟಕಡೆಯ ಓಣಿಯ ಮನೆಯ ನಲ್ಲಿಯಲ್ಲಿ ಎಷ್ಟು ಗಂಟೆ ನೀರು ಬರುತ್ತದೆ, ಆ ಮನೆಯವರು ಅದಕ್ಕೆ ಎಷ್ಟು ಬೆಲೆ ತೆರುತ್ತಾರೆ, ಅವರು ಬಳಸಿ ಬಿಟ್ಟ ನೀರಿಗೆ ಯಾರ ಪ್ರಾಣ ಹೋಗುತ್ತದೆ, ಈ ಮೂರನ್ನು ಕೇಳಿದರೆ ಸಾಕು. ಬೆಂಗಳೂರು ಈ ಮೂರಕ್ಕೂ ತಲೆಯೆತ್ತಿ ಉತ್ತರ ಹೇಳುವ ದಿನ ಬರಬೇಕಾದರೆ, ಕೇಳುವ ಕೆಲಸವನ್ನು ನಾವು ಇಂದೇ ಆರಂಭಿಸಬೇಕು.